ಹದಿಹರೆಯದವರಿಗೆ ಕನ್ನಡ ಕಲಿಕೆಯ ರಜಾ ಶಿಬಿರ, ಸಾಗರದ ಕಡೆ: ಪರಿಸರಕ್ಕೆ ಭಾರ ಆಗದ ಹಾಗೆ ಮಾಡೋದು ಹೇಗೆ?

ಲಗೋರಿ
ಆರು ದಿನದ ಶಿಬಿರದ ಕರಡು ಹಾಕ್ತಿದೀನಿ, ಎಲ್ಲಿ ಎಡವುತ್ತೆ ಅಂತ ಹೇಳಿ. 13ರಿಂದ 17 ವರ್ಷದ 24 ಮಕ್ಕಳು. ಅರ್ಧ ಬೆಂಗಳೂರಿನ ಇಂಗ್ಲಿಷ್ ಮೀಡಿಯಂನವರು, ಇನ್ನರ್ಧ ಅಮೆರಿಕ ಮತ್ತು ದುಬೈಯಿಂದ ಅಜ್ಜಿ ಮನೆಗೆ ಬಂದವರು. ಕನ್ನಡ ಕೇಳಿದ್ರೆ ಎಲ್ಲರಿಗೂ ಅರ್ಥ ಆಗುತ್ತೆ, ಬಾಯಿ ಬಿಟ್ರೆ ಇಂಗ್ಲಿಷ್. ಜಾಗ ಸಾಗರ ತಾಲ್ಲೂಕಿನ ಹೆಗ್ಗೋಡು ಸುತ್ತಿನ ಹಳ್ಳಿ. ಏಪ್ರಿಲ್ ಕೊನೆ ವಾರ. ಬೆಂಗಳೂರಿನಿಂದ ಎರಡು ಮಿನಿ ಬಸ್, ಹೋಮ್‌ಸ್ಟೇ ಡಾರ್ಮಿಟರಿ, ಊಟಕ್ಕೆ ಅಡಿಕೆ ಹಾಳೆ ತಟ್ಟೆ. ಬೆಳಿಗ್ಗೆ 4 ಗಂಟೆ ಕಾಲ ಪಾಠ. ಮಧ್ಯಾಹ್ನ ಪರಿಸರ ಚಟುವಟಿಕೆ: ಬೀಜದುಂಡೆ, ಕಾಡಿನಲ್ಲಿ ನಡಿಗೆ, ದರಗೆಲೆ ಗುಡಿಸಿ ತಂದು ಗೊಬ್ಬರದ ಗುಂಡಿ ತುಂಬೋದು.

ಕಾನಂಚು
ಕೊನೆ ಸಾಲನ್ನು ಮೊದಲು ಅಳಿಸಿ. ಏಪ್ರಿಲ್‌ನಲ್ಲಿ, ಸಾಗರದಲ್ಲಿ, ಕಾಡಿನ ದರಗೆಲೆ ಗುಡಿಸೋದಕ್ಕೆ ಮಕ್ಕಳನ್ನ ಕಳಿಸೋದಾ?

ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೋರಾಗಿತ್ತು. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ರೋಗ ತರೋದು ಉಣುಗು (ಉಣ್ಣೆಹುಳ), ಅದರಲ್ಲೂ ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣುಗು. ಅದು ಕೂತಿರೋದು ಒಣ ತರಗಿನ ಮೇಲೆ, ದಾರಿ ಬದಿಯ ಕುರುಚಲಲ್ಲಿ. ಊರಿನವರಿಗೂ ರೋಗ ತಗಲೋದು ಹೆಚ್ಚಾಗಿ ದರಗು, ಸೊಪ್ಪು, ಸೌದೆಗೆ ಹೋದಾಗಲೇ. ಅಂದ್ರೆ ನಿಮ್ಮ ಇಡೀ ಪಟ್ಟಿಯಲ್ಲಿ ಅತಿ ಹಸಿರಾಗಿ ಕಾಣೋ ಕೆಲಸವೇ ಅತಿ ಅಪಾಯದ್ದು.

ಆ ತಿಂಗಳಲ್ಲೇ ಮಾಡಲೇಬೇಕಾದ್ರೆ:

ಕಾಡಿಗೆ ಹೋಗೋದೇ ಬೇಡ. ಅಂಗಳ, ತೋಟ, ಊರ ದಾರಿ ಸಾಕು. ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ಎರಡು ಸಲ ವಿಚಾರಿಸಿ, ದಿನಾಂಕ ಗೊತ್ತು ಮಾಡೋ ಮೊದಲೊಮ್ಮೆ, ಹೊರಡೋ ವಾರ ಇನ್ನೊಮ್ಮೆ. ಆ ಊರಿನ ಹತ್ತಿರ ಮಂಗ ಸತ್ತಿದೆ ಅಂತ ಗೊತ್ತಾದ್ರೆ ಜಾಗ ಬದಲಾಯಿಸಿ, ಚರ್ಚೆಯೇ ಬೇಡ. ಕೈಕಾಲಿಗೆ ಹಚ್ಚೋಕೆ ಆರೋಗ್ಯ ಇಲಾಖೆ ಉಣುಗು ಓಡಿಸೋ ಡೇಪಾ ಎಣ್ಣೆ ಕೊಡುತ್ತೆ, ಆಶಾ ಕಾರ್ಯಕರ್ತೆಯರ ಹತ್ರ ಕೇಳಿ. ಹೊರಗಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ.

ಮನೆಗೆ ಹೋದ ಮೇಲಿನ ವಾರವೂ ಲೆಕ್ಕಕ್ಕೆ ಬರುತ್ತೆ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರೋದು. ಆಗ ಮಗು ಬೆಂಗಳೂರಲ್ಲಿರುತ್ತೆ, ಅಲ್ಲಿನ ವೈದ್ಯರಿಗೆ ಈ ಹೆಸರು ಹೊಳೆಯೋದೇ ಇಲ್ಲ. "ಸಾಗರದಿಂದ ಬಂದಿದೆ, ಮಂಗನ ಕಾಯಿಲೆ ನೋಡಿ" ಅಂತ ಬರೆದ ಚೀಟಿ ಪ್ರತಿ ಪೋಷಕರ ಕೈಯಲ್ಲಿರಲಿ.

ಮೂರನೇ_ಬೋಗಿ
ದಿನಾಂಕದಲ್ಲಿ ಇನ್ನೊಂದು ತೂತು ಇದೆ. ಏಪ್ರಿಲ್ ಕೊನೇಲಿ ಅಮೆರಿಕದ ಮಕ್ಕಳು ಎಲ್ಲಿಂದ ಬರ್ತಾರೆ? ಅಲ್ಲಿ ಶಾಲೆ ಮುಗಿಯೋದು ಮೇ ಕೊನೆ ಅಥವಾ ಜೂನ್‌ಗೆ. ದುಬೈಯವರಿಗೆ ಜುಲೈ, ಆಗಸ್ಟ್. ಅಷ್ಟೊತ್ತಿಗೆ ಬೆಂಗಳೂರಿನವರು ಸಮವಸ್ತ್ರ ಹಾಕ್ಕೊಂಡು ಕೂತಿರ್ತಾರೆ. ಎರಡೂ ಗುಂಪಿನ ರಜೆ ಒಂದಕ್ಕೊಂದು ತಾಗಲ್ಲ. ಹಾಗಾಗಿ 12 ಜನದ ಎರಡು ತಂಡ ಮಾಡಿ. ಬೆಂಗಳೂರಿನವರಿಗೆ ದಸರಾ ರಜೆ: ಮಳೆ ಇಳಿದಿರುತ್ತೆ, ಮಂಗನ ಕಾಯಿಲೆ ಕಾಲ ಶುರುವಾಗಿರಲ್ಲ, ಜೋಗದಲ್ಲಿ ನೀರಿರುತ್ತೆ, ಮುಖ್ಯವಾಗಿ ಊರಿನ ಮಕ್ಕಳಿಗೂ ರಜೆ. ಆದ್ರೆ ದಸರಾ ರಜೆ ಎಲ್ಲ ಶಾಲೆಗೂ ಒಂದೇ ದಿನ ಅಲ್ಲ, ಮೊದಲೇ ಕೇಳಿ. ಹೊರದೇಶದವರಿಗೆ ಜುಲೈ.

ಮಿನಿ ಬಸ್ ಬೇಡವೇ ಬೇಡ. ಬೆಂಗಳೂರು ಮೇಲೆ ಹಾದು ಬರೋ ಮೈಸೂರು–ತಾಳಗುಪ್ಪ ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣ. ಮುಂಗಡ ಬುಕಿಂಗ್ ತೆರೆಯೋದು 60 ದಿನ ಮೊದಲು, ಮುಂಚಿನ ಹಾಗೆ 120 ಅಲ್ಲ. ದಸರಾ ಸಮಯದ ಸ್ಲೀಪರ್ ತೆರೆದ ದಿನವೇ ಖಾಲಿಯಾಗುತ್ತೆ. ಆನ್‌ಲೈನ್‌ನಲ್ಲಿ ಒಂದು ಟಿಕೆಟ್‌ಗೆ 6 ಜನ ಮಾತ್ರ. 12 ಮಕ್ಕಳು, 3 ದೊಡ್ಡವರು ಅಂದ್ರೆ ಮೂರು ಟಿಕೆಟ್, ಪ್ರತಿ ಟಿಕೆಟ್‌ನಲ್ಲೂ ಒಬ್ಬರು ದೊಡ್ಡವರು ಇರೋ ಹಾಗೆ ಹಂಚಿ. ದೊಡ್ಡವರನ್ನೆಲ್ಲ ಒಂದೇ ಟಿಕೆಟ್‌ಗೆ ಹಾಕಿದ್ರೆ ಮಕ್ಕಳದು ಮಾತ್ರ ಬೇರೆ ಬೋಗಿಗೆ ಹೋಗೋ ಸಾಧ್ಯತೆ ಇದೆ. ನಿಲ್ದಾಣದಿಂದ ಹಳ್ಳಿಗೆ ಬೆಳಗಿನ ಬಸ್, ಲಗೇಜಿಗೆ ಬೇಕಾದ್ರೆ ಒಂದು ಗೂಡ್ಸ್ ಆಟೊ. ಟಿಕೆಟ್ ಕೇಳೋದು, ಚಿಲ್ಲರೆ ಎಣಿಸೋದು ಮಕ್ಕಳೇ ಮಾಡಲಿ, ಅಲ್ಲಿಗೆ ಮೊದಲ ಪಾಠ ಆಯ್ತು.

ಗಿರಮಿಟ್
ಒಂದು ಮಾತ್ ಕೇಳ್ತೇನಿ, ಸಿಟ್ ಮಾಡ್ಕೋಬ್ಯಾಡ್ರಿ. ಕ್ಯಾಲಿಫೋರ್ನಿಯಾದಿಂದ ವಿಮಾನದಾಗ ಹೋಗಿ ಬರೂದ್ರಾಗ ಒಬ್ಬರ ಪಾಲಿಗೆ ಒಂದು ಟನ್‌ಗಿಂತ ಜಾಸ್ತಿ ಇಂಗಾಲ ಹೊಗೀ ಹೊಕ್ಕೈತಿ. ಅದನ್ ಬಿಟ್ಟು ಸ್ಟೀಲ್ ವಾಟಗಾ, ಬಟ್ಟೀ ಚೀಲಾ ಅಂತ ಲೆಕ್ಕಾ ಹಾಕಿದ್ರ ಏನ್ ಬಂತು?

ಮೂರನೇ_ಬೋಗಿ
@ಗಿರಮಿಟ್ ಸರಿಯಾಗೇ ಕೇಳಿದ್ರಿ. ಶಿಬಿರಕ್ಕೆ ಅಂತಲೇ ವಿಮಾನ ಹತ್ತೋರನ್ನ ಸೇರಿಸಿಕೊಳ್ಳಲೇಬಾರದು. ಹೇಗೂ ಅಜ್ಜಿ ಮನೆಗೆ ಬಂದವರು ಮಾತ್ರ, ಅರ್ಜಿಯಲ್ಲೇ ಕೇಳಿ: ಭಾರತದಲ್ಲಿ ಒಟ್ಟು ಎಷ್ಟು ದಿನ? ನಾಲ್ಕು ವಾರಕ್ಕಿಂತ ಕಮ್ಮಿ ಇದ್ರೆ ಮುಂದಿನ ವರ್ಷ ಬನ್ನಿ ಅನ್ನಿ. ಭಾಷೆಗೂ ಅದೇ ಒಳ್ಳೇದು. ಆರು ದಿನದಲ್ಲಿ ಬಾಯಿ ಬಿಚ್ಚಿದ ಮಗು ಇನ್ನು ಮೂರು ವಾರ ಅಜ್ಜಿ ಹತ್ರ ಮಾತಾಡಬೇಕು. ಇಲ್ಲಾಂದ್ರೆ ವಿಮಾನದ ಬಾಗಿಲಲ್ಲೇ ಕನ್ನಡ ಬಿಟ್ಟು ಹೋಗುತ್ತೆ. ಹಾಗಂತ "ಇಂಗಾಲಮುಕ್ತ ಶಿಬಿರ" ಅಂತ ಮಾತ್ರ ಬ್ಯಾನರ್ ಹಾಕಬೇಡಿ.

ಗಿರಮಿಟ್
ಬ್ಯಾನರೂ ಫ್ಲೆಕ್ಸ್ ಇರಬಾರದ್ರಿ ಮತ್ತ. ಅದಕ್ಕ ರಾಜ್ಯದಾಗ 2016ರಿಂದನ ನಿಷೇಧ ಐತಿ.

ತಲಕಟ್ಟು
ಭಾಷೆಯ ಭಾಗಕ್ಕೆ ಬರ್ತೀನಿ. ಬೆಳಿಗ್ಗೆ 4 ಗಂಟೆ ಕಾಲ ಪಾಠ, ಮಧ್ಯಾಹ್ನ ಪರಿಸರ ಅಂತ ಎರಡು ತುಂಡು ಮಾಡಿದ್ದೇ ಈ ಕರಡಿನ ದೊಡ್ಡ ದೋಷ. ಅರ್ಥ ಆಗುತ್ತೆ ಆದ್ರೆ ಮಾತು ಬರಲ್ಲ ಅನ್ನೋ ಮಗುವನ್ನ ಬೋರ್ಡ್ ಮುಂದೆ ಕೂರಿಸಿದ್ರೆ ಇನ್ನೂ ನಾಲ್ಕು ಗಂಟೆ ಕೇಳಿಸಿಕೊಳ್ಳುತ್ತೆ, ಅಷ್ಟೇ. ಆ ಮಗುವಿಗೆ ಬೇಕಾಗಿರೋದು ಮಾತಾಡದೆ ಮುಗಿಯದ ಕೆಲಸ. ನೀರು ಸೇದೋದು, ಪಾತ್ರೆ ತೊಳೆಯೋದು, ಕಸ ವಿಂಗಡಿಸೋದು, ಅಡುಗೆಗೆ ಕೈ ಹಚ್ಚೋದು. ಇದನ್ನೇ ಪಠ್ಯ ಮಾಡಿ.

ಒಂದೆಲಗದ ತಂಬುಳಿ ತಗೊಳ್ಳಿ. 15 ಜನಕ್ಕೆ 100 ಗ್ರಾಂ ಸೊಪ್ಪು, ಒಂದು ದೊಡ್ಡ ಕಾಯಿ, ಎರಡು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಒಂದೂವರೆ ಲೀಟರ್ ಮಜ್ಜಿಗೆ, ಉಪ್ಪು, ತುಪ್ಪದ ಒಗ್ಗರಣೆ. ಒಲೆ ಮೇಲೆ ಹತ್ತು ನಿಮಿಷದ ಕೆಲಸವೂ ಇಲ್ಲ, ಗ್ಯಾಸ್ ಉಳೀತು.

ಮೊದಲ ದಿನ ಮಕ್ಕಳು ಮಾತಾಡೋದೇ ಬೇಡ. ಹೇಳೋದು ಮನೆಯವರು, ಮಾಡೋದು ಮಕ್ಕಳು: ಕೊಯ್ಯಿ, ತೊಳಿ, ಹುರಿ, ತುರಿ, ರುಬ್ಬು, ಬೆರೆಸು. ಎರಡನೇ ದಿನ ಕೈ ಕೆಲಸದಲ್ಲಿರುವಾಗಲೇ ಕೇಳಿ: ಏನ್ ಮಾಡ್ತಿದೀಯ? "ತೊಳೀತಿದೀನಿ." ಮೂರನೇ ದಿನದ ಸಂಜೆ ಭೂತಕಾಲ. ಇಲ್ಲೇ ಎಲ್ಲರೂ ಜಾರೋದು. ಮಾಡಿದೆ, ಓದಿದೆ ಅನ್ನೋ ಅಚ್ಚಿಗೆ ಎಲ್ಲವನ್ನೂ ಹಾಕಿ "ಕೊಡಿದೆ", "ಇಡಿದೆ", "ಬಿಡಿದೆ" ಅಂತಾರೆ. ತಡೆದು ತಿದ್ದಬೇಡಿ. "ಓಹೋ, ಅಲ್ಲಿ ಇಟ್ಟೆಯಾ? ಯಾರಿಗೆ ಕೊಟ್ಟೆ?" ಅಂತ ಸರಿ ರೂಪದಲ್ಲೇ ತಿರುಗಿ ಕೇಳಿ. ಐದಾರು ಸಲ ಕಿವಿಗೆ ಬಿದ್ರೆ ತಾನಾಗೇ ಬದಲಾಗುತ್ತೆ. ನಾಲ್ಕನೇ ದಿನ ಇಡೀ ಅಡುಗೆ ಒಂದೇ ಉಸಿರಿನಲ್ಲಿ: "ಸೊಪ್ಪು ಕೊಯ್ದು, ತೊಳೆದು, ತುಪ್ಪದಲ್ಲಿ ಹುರಿದು, ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ, ಒಗ್ಗರಣೆ ಹಾಕಿದೆ." ಆರು ಕೆಲಸ, ಕ್ರಿಯೆ ಮುಗಿಯೋದು ಕೊನೇಲಿ ಮಾತ್ರ. ಕನ್ನಡದ ಬೆನ್ನುಮೂಳೆ ಇದು. ಈ ಒಂದು ವಾಕ್ಯ ಅಡುಗೆಮನೆಯಲ್ಲಿ ನಿಂತು ಹೇಳಿದ ಮಗುವಿಗೆ ವ್ಯಾಕರಣದ ಹಾಳೆ ಬೇಕಾಗಲ್ಲ.

ಅಂದ ಹಾಗೆ ತಂಬುಳಿ ಕೆಡೋದು ಒಂದೇ ಕಡೆ. ಹುರಿದ ಸೊಪ್ಪು ಆರೋಕೆ ಬಿಡದೆ ಬಿಸಿಬಿಸಿ ರುಬ್ಬಿ ಮಜ್ಜಿಗೆಗೆ ಸುರಿದ್ರೆ ಒಡೆಯುತ್ತೆ. "ಆರಲಿ", "ಆರಿದೆಯಾ ನೋಡು", "ಇನ್ನೂ ಆರಿಲ್ಲ": ಇದನ್ನೂ ಬಿಡಬೇಡಿ, ಬೇರೆ ಕಡೆ ಕಲಿಸೋಕೆ ಸಿಗದ ಕ್ರಿಯಾಪದ.

ಇನ್ನೆರಡು ತಪ್ಪು ಎಲ್ಲ ಮಕ್ಕಳಲ್ಲೂ ಇರುತ್ತೆ. "ನಾನು ನೀರು ಬೇಕು", "ನಾನು ಹಸಿವು ಆಗಿದೆ". ನನಗೆ ಅನ್ನೋದು ಬರೋವರೆಗೂ ಬಡಿಸೋರು "ಯಾರಿಗೆ ಬೇಕು?" ಅಂತಲೇ ಕೇಳ್ತಾ ಇರಲಿ, ಉತ್ತರದ ವಿಭಕ್ತಿ ಪ್ರಶ್ನೆಯಲ್ಲೇ ಇದೆ. ಇನ್ನೊಂದು ಲ, ಳ. ಹುಳಿ ಕೇಳೋಕೆ ಹೋಗಿ ಹುಲಿ ಬಡಿಸು ಅಂದ್ರೆ ನಗು ಬರುತ್ತೆ. ಎಲ್ಲರೂ ನಗಲಿ, ಆದ್ರೆ ಆ ಮಗುವಿನ ಜೊತೆಗೆ.

ಸೌಟು
ಅಡುಗೆಮನೆ ಕಡೆಯಿಂದ.

ಹಾಳೆ ತಟ್ಟೆ ಬಿಡಿ. ಒಂದು ಹೊತ್ತಿಗೆ ಬಳಸಿ ಎಸೆಯೋದು ಹಾಳೆಯಾದ್ರೂ ಎಸೆಯೋದೇ. 15 ಜನ, ದಿನಕ್ಕೆ ಮೂರು ಹೊತ್ತು, ಆರು ದಿನ: 270 ತಟ್ಟೆ. ಸ್ಟೀಲ್ ತಟ್ಟೆ 18 ಇದ್ರೆ ಮುಗೀತು. ಜುಲೈನಲ್ಲಂತೂ ಹಾಳೆ ತಟ್ಟೆ ತೇವ ಎಳ್ಕೊಂಡು ಎರಡು ದಿನಕ್ಕೆ ಬೂಸ್ಟು ಹಿಡಿಯುತ್ತೆ.

ಬಾಳೆ ಎಲೆ ಅಂತ ಯಾರೋ ಹೇಳ್ತಾರೆ, ಅದಕ್ಕೂ ಒಂದು ಎಚ್ಚರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಹೊಡೀತಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಶುರುವಾಗೋ ಹೊತ್ತಿಗೊಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಬಾಳೆ ಬೆಳೆಯೋದು ಅದೇ ಮರಗಳ ಕೆಳಗೆ, ಮೇಲಿನ ಹನಿಯೆಲ್ಲ ಎಲೆ ಮೇಲೆ. ನೀಲಿ-ಬಿಳಿ ಚುಕ್ಕೆ ಇರೋ ಎಲೆ ಊಟಕ್ಕೆ ತರಬೇಡಿ, ಮನೆ ಹಿತ್ತಲಿನ ಬಾಳೆಯಿಂದ ತನ್ನಿ. ಔಷಧಿ ಹೊಡೆಯೋ ದಿನ ಮಕ್ಕಳು ತೋಟಕ್ಕೆ ಇಳಿಯೋದೂ ಬೇಡ.

ಪಾತ್ರೆ ತೊಳೆಯೋಕೆ ಮೂರು ಬಾನಿ ಇಡಿ. ತಟ್ಟೆಯಲ್ಲಿ ಉಳಿದದ್ದನ್ನ ಮೊದಲು ಬಕೆಟ್‌ಗೆ ಬಳಿದು, ಒಂದನೇ ಬಾನಿಯಲ್ಲಿ ಸೀಗೆಪುಡಿ ಅಥವಾ ಜರಡಿ ಹಿಡಿದ ಬೂದಿ ಹಾಕಿ ಉಜ್ಜೋದು, ಎರಡರಲ್ಲಿ ಜಾಲಿಸೋದು, ಮೂರರಲ್ಲಿ ಬಿಸಿನೀರು. ಒಂದು ಹೊತ್ತಿಗೆ 30 ಲೀಟರ್ ಸಾಕು. ನಲ್ಲಿ ಬಿಟ್ಕೊಂಡು ತೊಳೆದ್ರೆ ಎರಡು ಪಟ್ಟಿಗೂ ಮೇಲೆ. ತಪ್ಪೋದು ಎಲ್ಲಿ ಅಂದ್ರೆ, ಬಳಿಯದೆ ಅನ್ನದಗುಳಿನ ಸಮೇತ ಮೊದಲ ಬಾನಿಗೆ ಮುಳುಗಿಸ್ತಾರೆ, ಐದನೇ ತಟ್ಟೆಗೆ ನೀರು ಗಂಜಿ. ಬಾನಿ ಹತ್ತಿರ ಒಬ್ಬರು ನಿಂತು "ಬಳಿದೆಯಾ?" ಅಂತ ಕೇಳಿಯೇ ಒಳಗೆ ಬಿಡಬೇಕು.

ಬಫೆ ಬೇಡ, ಪಂಕ್ತಿ. ಬಡಿಸೋರು ಎಷ್ಟು ಅಂತ ಕೇಳಬೇಕು, ತಿನ್ನೋರು ಬಾಯಿ ಬಿಟ್ಟು ಹೇಳಬೇಕು: ಅರ್ಧ ಸೌಟು, ಒಂಚೂರು, ಇನ್ನೊಂದು ಸೌಟು, ಸಾಕು, ಸಾಕು ಸಾಕು! ಕೈ ಅಡ್ಡ ಹಿಡಿದ್ರೆ ಲೆಕ್ಕಕ್ಕಿಲ್ಲ. ಪ್ರತಿ ಸಲ ಕೇಳಿ ಹಾಕಿಸ್ಕೊಳ್ಳೋವಾಗ ಯಾರೂ ಗುಡ್ಡೆ ಹಾಕಿಸ್ಕೊಳ್ಳಲ್ಲ. ಅಕ್ಕಿ ಒಬ್ಬರಿಗೆ 120 ಗ್ರಾಂ ಲೆಕ್ಕ, ಮೊದಲ ಎರಡು ದಿನ 100 ಸಾಕು. ಕುಚ್ಚಲಕ್ಕಿ ರೂಢಿ ಇಲ್ಲದವರು ಮೊದಲು ಕಮ್ಮಿ ತಿಂತಾರೆ.

ಗೋಬರ್ ಗ್ಯಾಸಿನಲ್ಲೇ ಅಡುಗೆ ಅಂತ ಕರಪತ್ರದಲ್ಲಿ ಹಾಕಬೇಡಿ. ಹಳ್ಳಿ ಮನೆಯ 2 ಘನ ಮೀಟರಿನ ಡೂಮು ಒಂದು ಮನೆಯ ನಾಲ್ಕೈದು ಜನಕ್ಕೆ ಸರಿಯಾಗುತ್ತೆ. 15 ಜನಕ್ಕೆ ಸಿಲಿಂಡರ್ ಬೇಕೇ ಬೇಕು. ಸ್ನಾನದ ನೀರು ಮಾತ್ರ ಬಚ್ಚಲ ಹಂಡೆಯಲ್ಲಿ, ಅಡಿಕೆ ಸಿಪ್ಪೆ, ಕಾಯಿಸಿಪ್ಪೆ ಉರಿಸಿ. ಕುಡಿಯೋ ನೀರು ಬಟ್ಟೆಯಲ್ಲಿ ಸೋಸಿ, ಒಂದು ನಿಮಿಷ ಕೊತಕೊತ ಕುದಿಸಿ. 20 ಲೀಟರಿನ ಕ್ಯಾನ್ ಪಟ್ಟಣದಿಂದ ಹೊರೋದು ಬೇಡ.

ಲಗೋರಿ
ಡಾರ್ಮಿಟರಿ ಬದಲು ಮನೆಮನೆಯಲ್ಲಿ ಇಟ್ರೆ ಹೇಗೆ? ಅಡುಗೆ ಒಟ್ಟಿಗಾ, ಮನೆಯಲ್ಲಾ?

ತಲಕಟ್ಟು
ಮನೆಯೇ. ಡಾರ್ಮಿಟರಿಯಲ್ಲಿ ರಾತ್ರಿ ಎಂಟರ ಮೇಲೆ ಇಂಗ್ಲಿಷ್ ರಾಜ್ಯಭಾರ, ಏನು ನಿಯಮ ಮಾಡಿದ್ರೂ ಅಷ್ಟೇ. ದಂಡ ಹಾಕಿದ್ರೆ ಮಕ್ಕಳು ಮೌನಿಗಳಾಗ್ತಾರೆ, ಕನ್ನಡ ಬರಲ್ಲ. ಒಂದು ಮನೆಗೆ ಇಬ್ಬರು, ಅವರಿಬ್ಬರೂ ಬೇರೆ ಬೇರೆ ಶಾಲೆಯವರು, ಅದೇ ವಯಸ್ಸಿನ ಮಗು ಇರೋ ಮನೆ. ಒಬ್ಬರನ್ನೇ ಇಡಬೇಡಿ, ಸುರಕ್ಷತೆಗೂ ಅದು ಸರಿಯಲ್ಲ. ಮಧ್ಯಾಹ್ನದ ಊಟ ಒಟ್ಟಿಗೆ, ಉಳಿದದ್ದು ಮನೆಯಲ್ಲಿ. ಊಟ ಆದ ಮೇಲೆ ಅರ್ಧ ಗಂಟೆ ಇಂಗ್ಲಿಷ್ ಬಿಡುವು ಕೊಡಿ, ಆಗ ಉಳಿದ ಹೊತ್ತು ತಡ್ಕೋತಾರೆ.

ಮನೆಯವರಿಗೆ ಒಂದೇ ಷರತ್ತು: ಮಗು ತಡವರಿಸಿದಾಗ ಇಂಗ್ಲಿಷ್‌ಗೆ ಹಾರಬಾರದು. ಅವರ ಮನೆಮಾತು ಹವ್ಯಕವೋ ದೀವರ ಕನ್ನಡವೋ ಇರಲಿ, ಅದನ್ನ 'ಶುದ್ಧ' ಮಾಡ್ಕೊಂಡು ಪುಸ್ತಕದ ಹಾಗೆ ಮಾತಾಡೋದು ಬೇಡ. 'ಏನು' ಜೊತೆಗೆ 'ಎಂತ'ವೂ ಮಗುವಿನ ಕಿವಿಗೆ ಬೀಳಲಿ.

ಕಾನಂಚು
ಕಾಗದದ ಕೆಲಸ ಮರೀಬೇಡಿ. ವಿದೇಶಿ ಪಾಸ್‌ಪೋರ್ಟಿನ ಮಗು ತಂಗಿದ್ರೆ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಫಾರ್ಮ್ 3 (2025ರವರೆಗೆ ಇದಕ್ಕೆ ಫಾರ್ಮ್ ಸಿ ಅಂತಿದ್ರು) ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಮೊದಲ ಸಲ ನೋಂದಣಿಗೆ ದಿನಗಳು ಹಿಡಿಯುತ್ತೆ, ತಿಂಗಳ ಮೊದಲೇ ಶುರು ಮಾಡಿ. ಪಾಸ್‌ಪೋರ್ಟ್, ವೀಸಾ ಅಥವಾ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನ ಪ್ರತಿ ಮುಂಚೆಯೇ ತರಿಸ್ಕೊಳ್ಳಿ. ಹಳ್ಳಿಯಲ್ಲಿ ಮಳೆಗೆ ನೆಟ್‌ವರ್ಕ್ ಹೋದ್ರೆ ಅದನ್ನ ಕಳಿಸೋಕೂ ಆಗಲ್ಲ.

ಜುಲೈ ತಂಡಕ್ಕೆ ಉಂಬಳ (ಜಿಗಣೆ) ಇದ್ದೇ ಇರುತ್ತೆ. ಗಾಬರಿ ಬೇಡ, ರೋಗ ತರಲ್ಲ. ಎಳೆದು ಕೀಳಬಾರದು, ಬಾಯಿ ಕಚ್ಚಿದ ಕಡೆ ಉಗುರು ತೂರಿಸಿ ಪಕ್ಕಕ್ಕೆ ಜಾರಿಸಬೇಕು. ರಕ್ತ ಸ್ವಲ್ಪ ಹೊತ್ತು ಸೋರುತ್ತೆ, ಒತ್ತಿ ಹಿಡಿದ್ರೆ ನಿಲ್ಲುತ್ತೆ. ನಿಜವಾಗಿ ಹುಷಾರಾಗಿರಬೇಕಾದ್ದು ಇಲಿಜ್ವರಕ್ಕೆ, ಅದು ಕೆಸರು ನೀರಿನಿಂದ ಗಾಯದ ಮೂಲಕ ಒಳಗೆ ಹೋಗೋದು. ನಾಟಿ ಗದ್ದೆಗೆ ಇಳಿಸೋ ಮೊದಲು ಪ್ರತಿ ಮಗುವಿನ ಪಾದ ನೋಡಿ. ಗಾಯ, ಬಿರುಕು ಇದ್ರೆ ಅವರು ಅಂಚಿನ ಮೇಲೆ ನಿಂತು ಸಸಿ ಕಟ್ಟು ಎಸೆಯಲಿ, ಎಣಿಸಲಿ.

ಇಬ್ಬನಿ
ಮುಟ್ಟಿನ ಬಗ್ಗೆ ಯಾರೂ ಬರೆದಿಲ್ಲ. ಪರಿಸರಸ್ನೇಹಿ ಅಂತ ಬಟ್ಟೆ ಪ್ಯಾಡ್ ಕಡ್ಡಾಯ ಮಾಡೋದು ಜುಲೈನಲ್ಲಿ ತಪ್ಪು. ಬಿಸಿಲಿಲ್ಲ, ಬಟ್ಟೆ ಮೂರು ದಿನವಾದ್ರೂ ಒಣಗಲ್ಲ, ತೇವದ ಬಟ್ಟೆ ಉಟ್ರೆ ಸೋಂಕು. ಮುಟ್ಟಿನ ಕಪ್ (ಮೆನ್ಸ್ಟ್ರುವಲ್ ಕಪ್) ಮೊದಲ ಸಲ ಶಿಬಿರದಲ್ಲಿ ಪ್ರಯೋಗ ಮಾಡೋದೂ ಬೇಡ, ಮನೆಯಲ್ಲಿ ರೂಢಿ ಇದ್ದವರು ತರಲಿ. ಉಳಿದವರು ಮಾಮೂಲಿ ಪ್ಯಾಡ್ ಬಳಸಿ, ಹಳೇ ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಕೊನೆಗೆ ಬೆಂಗಳೂರಿಗೇ ತಗೊಂಡು ಹೋಗಿ. ಬಚ್ಚಲ ಒಲೆಗೆ ಹಾಕಬಾರದು, ಗೊಬ್ಬರದ ಗುಂಡಿಗೂ ಬೇಡ. ಪ್ರತಿ ಮನೆಯಲ್ಲೂ ಯಾರನ್ನ ಕೇಳಬೇಕು ಅಂತ ಮೊದಲ ದಿನವೇ ಹೆಣ್ಣುಮಕ್ಕಳಿಗೆ ತಿಳಿಸಿ, "ನಂಗೆ ಹೊಟ್ಟೆ ನೋಯ್ತಿದೆ", "ಪ್ಯಾಡ್ ಬೇಕಿತ್ತು" ಅನ್ನೋದನ್ನ ಕನ್ನಡದಲ್ಲೇ ಹೇಳೋಕೆ ಬರಲಿ.

ಚಿಪ್ಸ್ ಪೊಟ್ಟಣವೂ ಅಷ್ಟೇ. ಗ್ರಾಮ ಪಂಚಾಯ್ತಿಯ ಸ್ವಚ್ಛ ಸಂಕೀರ್ಣಕ್ಕೆ (ಒಣ ಕಸ ವಿಂಗಡಿಸೋ ಘಟಕ) ಕೊಡ್ತೀವಿ ಅಂತ ಕೈ ತೊಳ್ಕೊಳ್ಳಬೇಡಿ, ಪದರದ ಪ್ಲಾಸ್ಟಿಕ್ಕಿಗೆ ಕೊಳ್ಳೋರಿಲ್ಲ. ತಂದವರೇ ವಾಪಸ್ ಒಯ್ಯಲಿ.

ಸೌಟು
ಗೊಬ್ಬರದ ಗುಂಡಿಗೆ ದರಗಿನ ಬದಲು ಏನು ಅಂತ ಹೇಳಿಲ್ಲ ಯಾರೂ. ತೆಂಗಿನ ನಾರಿನ ಪುಡಿ, ಭತ್ತದ ಹುಲ್ಲು ಕತ್ತರಿಸಿದ್ದು, ಹಳೇ ಅಡಿಕೆ ಸಿಪ್ಪೆ. ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣದು, ಮೇಲೊಂದು ಚೊಂಬು ಸಗಣಿ ನೀರು. ಸಾರು, ಮಜ್ಜಿಗೆ ಸುರಿದ್ರೆ ಮರುದಿನವೇ ನಾತ, ದ್ರವ ಎಲ್ಲ ಬೇರೆ ಬಕೆಟ್‌ಗೆ ಹೋಗಿ ದನದ ಕಲಗಚ್ಚಿಗೆ ಸೇರಲಿ. ಜುಲೈನಲ್ಲಿ ಗುಂಡಿ ತೋಡಲೇಬೇಡಿ, ಬಾವಿಯಾಗುತ್ತೆ. ಕೊಟ್ಟಿಗೆಯ ಸೂರಿನಡಿ ನೆಲದ ಮೇಲೇ ರಾಶಿ ಹಾಕಿ. ಬೀಜದುಂಡೆಯೂ ಬಿಡಿ, ಮಲೆನಾಡಿಗೆ ಹೊರಗಿಂದ ಬೀಜ ತಂದು ಎಸೆಯೋದು ಯಾಕೆ?

ಗಿರಮಿಟ್
ಸಂಜೀಗ ಏನ್ ಮಾಡಸ್ತೀರಿ? ಬರೇ ಪಾತ್ರೆ ತಿಕ್ಕಿಸಿದ್ರ ಹುಡುಗ್ರು ಓಡಿ ಹೊಕ್ಕಾವು.

ತಲಕಟ್ಟು
ಒಂದು ಮಧ್ಯಾಹ್ನ ಹತ್ತಿರದ ಭೀಮನಕೋಣೆಯಲ್ಲಿರೋ 'ಚರಕ' ಅನ್ನೋ ಮಹಿಳೆಯರ ಕೈಮಗ್ಗ ಸಂಘದಲ್ಲಿ ಅಡಿಕೆ ಬೇಯಿಸಿದ ಚೊಗರಿನಿಂದ ನೂಲಿಗೆ ಬಣ್ಣ ಹಾಕೋದು ತೋರಿಸಿ, ಮೊದಲೇ ಕೇಳಿಕೊಂಡು ಹೋಗಿ. ಇನ್ನೊಂದು ದಿನ ಹಸೆ ಚಿತ್ತಾರ, ಅಂದ್ರೆ ಗೋಡೆ ಮೇಲಿನ ಚಿತ್ರ. ದೀವರ ಮನೆಯ ಹೆಣ್ಣುಮಕ್ಕಳು ಬರೆಯೋದು: ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ಕಲಿಸೋ ಹೆಂಗಸಿಗೆ ದಿನದ ಸಂಬಳ ಕೊಡಿ, ಶಾಲು ಹೊದಿಸಿ ಕಳಿಸಬೇಡಿ. ಗೆರೆ ನೇರ ಬರಬೇಕಾದ್ರೆ ನಾರನ್ನ ಬಣ್ಣದಲ್ಲಿ ಅದ್ದಿ ಎರಡೂ ತುದಿ ಬಿಗಿಹಿಡಿದು ಗೋಡೆಗೆ ಒತ್ತಬೇಕು. ಇನ್ನೊಂದು ತುದಿ ಜೊತೆಗಾರರ ಕೈಯಲ್ಲಿ. "ಹಿಡ್ಕೊ, ಬಿಡಬೇಡ, ಎಳಿ, ಸಡಿಲ ಆಯ್ತು, ಇನ್ನೊಂಚೂರು ಮೇಲೆ": ಇಷ್ಟು ಮಾತಾಡದೆ ಒಂದು ಗೆರೆಯೂ ಬೀಳಲ್ಲ.

ಜೋಗ ಕೇಳೇ ಕೇಳ್ತಾರೆ. ಸರ್ಕಾರಿ ಬಸ್ಸಲ್ಲಿ ಅರ್ಧ ದಿನ, ಅಷ್ಟೇ.

ಲಗೋರಿ
ಕರಡು ಬದಲಾಯಿಸಿದೆ: ಜುಲೈ 12 ಮಕ್ಕಳು, ದಸರಾಗೆ 12, ರೈಲು, ಆರು ಮನೆ. ಜುಲೈನಲ್ಲಿ ಊರಿನ ಮಕ್ಕಳಿಗೆ ಶಾಲೆ ಇರೋದ್ರಿಂದ ಹಗಲು ದೊಡ್ಡವರ ಜೊತೆ ಗದ್ದೆ, ಅಡುಗೆ. ಸಂಜೆ ಶಾಲೆ ಬಿಟ್ಟ ಮೇಲೆ ಅವರ ಜೊತೆ ಆಟ. ಒಂದೇ ಪ್ರಶ್ನೆ ಉಳಿದಿದೆ. ಕೊನೆ ದಿನ ಪೋಷಕರಿಗೆ ಪ್ರಮಾಣಪತ್ರ, ಮೆಡಲ್ಲು ಬೇಕಂತೆ.

ಇಬ್ಬನಿ
ಲ್ಯಾಮಿನೇಟ್ ಮಾಡಿಸಿದ ಪ್ರಮಾಣಪತ್ರ ಯಾರ ಕಪಾಟಿಗೂ ಬೇಡ. ಪ್ರತಿ ಮಗುವಿಗೆ 50 ಪೈಸೆಯ ಅಂಚೆ ಕಾರ್ಡು ಎರಡು ಕೊಡಿ. ಅಜ್ಜಿ ಮನೆ ಮುಟ್ಟಿದ ಮೇಲೆ ತಾವಿದ್ದ ಮನೆಗೆ ಕನ್ನಡದಲ್ಲಿ ಬರೆದು ಹಾಕಲಿ. ವಿಳಾಸವೂ ಕನ್ನಡದಲ್ಲೇ ಇರಬಹುದು, ಪಿನ್ ಕೋಡ್ ಅಂಕಿ ಬಿಡಿಸಿ ಬರೆದ್ರೆ ಸಾಕು. ಜುಲೈನವರಿಗೆ ಶಾಯಿ ಪೆನ್ ಕೊಡಬೇಡಿ, ಬಾಲ್ ಪೆನ್ ಕೊಡಿ. ಸಾಗರ ಮುಟ್ಟೋ ಹೊತ್ತಿಗೆ ಮಳೆಗೆ ಅಕ್ಷರ ತೊಳೆದು ಹೋಗಿರುತ್ತೆ.